ಹೊಲ ಮಾರುವ ಮುನ್ನ

ಮಕ್ಕಳೇ, ಊರಿನಲ್ಲಿ ಅಪ್ಪನ ಹೆಸರಿಗೆ ಎರಡೋ ಮೂರೋ ಎಕರೆ ಇದೆ, ಏನು ಮಾಡುವುದೆಂದು ತೋಚುತ್ತಿಲ್ಲ ಎನ್ನುವವರಿಗೆ ಈ ಮಾತು. ಆ ಹೊಲದ ಮೇಲೆ ಇವತ್ತು ಎಲ್ಲರಿಗೂ ಕಣ್ಣು. ದೇಶಕ್ಕೆ ಅಗ್ಗದ ಆಹಾರ ಬೇಕು. ಗಿರಣಿಗೆ ಹತ್ತಿ, ಪೆಟ್ರೋಲಿಗೆ ಬೆರೆಸಲು ಎಥೆನಾಲ್, ನಗರಕ್ಕೆ ಲೇಔಟು ಬೇಕು. ಬೇರೆಲ್ಲೂ ಕೆಲಸ ಸಿಗದವರಿಗೆ ಕೂಲಿಯೂ ಅಲ್ಲೇ ಹುಟ್ಟಬೇಕು. ಬೆಳೆಯುವ ದೇಶಕ್ಕೆ ಇವೆಲ್ಲ ಬೇಕಾದವೇ. ಆದರೆ ಇಷ್ಟನ್ನೂ ಒಂದೇ ಮಣ್ಣು ಕೊಡಲಾರದು. ಯಾವುದು ಮೊದಲೆಂದು ನೀವು ತೀರ್ಮಾನಿಸದಿದ್ದರೆ ಬೇರೆಯವರು ತೀರ್ಮಾನಿಸುತ್ತಾರೆ.

ನನ್ನ ತಲೆಮಾರು ಹಸಿವು ಕಂಡದ್ದು. ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ದೇಶ ಭಾರಿ ಕೈಗಾರಿಕೆಗೆ ಮೊದಲ ಮಣೆ ಹಾಕಿತು. ಅದಾಗಿ ಹತ್ತು ವರ್ಷ ತುಂಬುವ ಹೊತ್ತಿಗೆ ಮಳೆ ಸಾಲಾಗಿ ಕೈಕೊಟ್ಟಿತು. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಶಾಸ್ತ್ರಿಯವರೇ ಜನರನ್ನು ಕೇಳಿಕೊಂಡಿದ್ದರು.

ಈಗ ಗೋದಾಮುಗಳಲ್ಲಿ ಅಕ್ಕಿ, ಗೋಧಿ ತುಂಬಿವೆ. ಅದನ್ನು ನೋಡಿ ಮೈಮರೆಯಬೇಡಿ. ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಕಲಬುರಗಿಯಂಥ ತೊಗರಿಯ ನಾಡಿದ್ದೂ ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ತೊಗರಿ ಬರುತ್ತಿದೆ. ಹಿಂದೆ ರಾಗಿ ಹೊಲದ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬೆಳೆದು ಮನೆಗೆ ಬೇಳೆ, ಎಣ್ಣೆ ಎರಡೂ ಸಿಗುತ್ತಿದ್ದವು. ಈಗ ಬಹಳ ಕಡೆ ಊರಿಗೆ ಊರೇ ಒಂದೇ ಬೆಳೆ. ಅದರ ಬೆಲೆಯೂ ರೈತನ ಕೈಯಲ್ಲಿಲ್ಲ. ದರ ಏರಿದ ಕೂಡಲೇ ಪೇಟೆಯವರ ಕಷ್ಟ ನೋಡಿ ಸರ್ಕಾರ ರಫ್ತು ನಿಲ್ಲಿಸುತ್ತದೆ. 2023ರ ಡಿಸೆಂಬರಿನಲ್ಲಿ ಈರುಳ್ಳಿಗೆ ಆದದ್ದು ಇದೇ.

ಬೆಲೆ ಕೈಯಲ್ಲಿಲ್ಲದಿದ್ದರೂ ಹೊಲವಾದರೂ ರೈತನ ಕೈಯಲ್ಲಿದೆ. ಅದೂ ಸುಮ್ಮನೆ ಬಂದದ್ದಲ್ಲ. 1974ರ ಭೂಸುಧಾರಣೆಯಲ್ಲಿ ದೇವರಾಜ ಅರಸರ ಸರ್ಕಾರ ಉಳುವವನಿಗೆ ಹೊಲ ಕೊಟ್ಟಿತು. ಗೇಣಿ ಅಳೆದು ಬೆನ್ನು ಬಾಗಿದ್ದವರು ಅಂದು ಮೊದಲ ಸಲ ತಮ್ಮ ಹೆಸರಿನ ಪಹಣಿ ಕಂಡರು.

ಅದೇ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಕೊಳ್ಳುವವರು ಬಾಗಿಲಿಗೇ ಬರುತ್ತಾರೆ. ಮದುವೆಯ ಆಡಂಬರಕ್ಕೋ ಹೊಸ ಕಾರಿಗೋ ಹೊಲ ಕೊಡಬೇಡಿ. ಆ ಹಣ ಕೆಲವೇ ವರ್ಷಗಳಲ್ಲಿ ಕರಗಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೈಟು ಮಾಡಿದ ನೆಲ ಮತ್ತೆ ಹೊಲವಾಗುವುದಿಲ್ಲ.

ಹಾಗೆಂದು ಎಲ್ಲರೂ ನೇಗಿಲು ಹಿಡಿಯಿರಿ ಎನ್ನುತ್ತಿಲ್ಲ. ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 45 ಮಂದಿ ಬೇಸಾಯದಲ್ಲಿದ್ದಾರೆ. ದೇಶದ ವರಮಾನದಲ್ಲಿ ಅದರ ಪಾಲು ಐದರಲ್ಲೊಂದನ್ನೂ ಮುಟ್ಟುವುದಿಲ್ಲ. ಸರಾಸರಿ ಹಿಡುವಳಿ 1970-71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015-16ಕ್ಕೆ 1.08ಕ್ಕೆ ಇಳಿದಿದೆ. ಅಣ್ಣತಮ್ಮಂದಿರೆಲ್ಲ ಅದೇ ತುಂಡನ್ನು ನಂಬಿದರೆ ಯಾರ ಹೊಟ್ಟೆಯೂ ತುಂಬದು. ಒಬ್ಬರು ಕಸುಬು ಕಲಿತು ಹೊರಗೆ ದುಡಿಯಲಿ, ಒಬ್ಬರು ಹೊಲ ನೋಡಲಿ. ಹೊಲ ನೋಡುವವನನ್ನು ಮಾತ್ರ ಕೈಲಾಗದವನೆಂದು ಕಾಣಬೇಡಿ. 2020ರ ಲಾಕ್‌ಡೌನಿನಲ್ಲಿ ನಗರದಿಂದ ನಡೆದು ಬಂದವರಿಗೆ ಉಣ್ಣಲು ಇಟ್ಟದ್ದು ಅಂಥವನೇ. ಆ ವರ್ಷ ಒಟ್ಟು ಆರ್ಥಿಕತೆ ಕುಸಿದಾಗಲೂ ಕೃಷಿ ಬೆಳೆಯಿತು.

ಅದಕ್ಕೇ ಹೇಳುತ್ತೇನೆ: ಹೊಲದ ಒಂದು ಭಾಗ ಮನೆಯ ಊಟಕ್ಕಿರಲಿ, ಉಳಿದದ್ದರಲ್ಲಿ ಸಂತೆಯ ಬೆಳೆ ಬೆಳೆಯಿರಿ. ಸಾಲ ಮಾಡಿ ಇನ್ನೊಂದು ಬೋರ್‌ವೆಲ್ ಕೊರೆಸುವ ಮುನ್ನ ನೀರು ಕಡಿಮೆ ಬೇಡುವ ಬೆಳೆ ಯಾವುದಿದೆ ನೋಡಿ. ಮಣ್ಣು ಪರೀಕ್ಷೆ ಮಾಡಿಸಿ, ಖರ್ಚುವೆಚ್ಚ ಬರೆದಿಡಿ, ನಾಲ್ಕು ಮನೆಯವರು ಕೂಡಿ ಮಾರಿ. ಈ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಕೂತು ಇಷ್ಟನ್ನು ಮಾತಾಡಿ. ಹೊಲ ಇನ್ನೂ ನಿಮ್ಮ ಕೈಯಲ್ಲಿದೆ. ದಾರಿ ಬದಲಿಸಲು ಕಾಲ ಮಿಂಚಿಲ್ಲ.