ಆಸ್ಪತ್ರೆ ಬಾಗಿಲಲ್ಲಿ ಬಡವರಿಗಿರುವ ಹಕ್ಕು

1992ರ ಜುಲೈ 8ರ ಸಂಜೆ. ಪಶ್ಚಿಮ ಬಂಗಾಳದ ಮಥುರಾಪುರ ನಿಲ್ದಾಣದಲ್ಲಿ ಕೂಲಿಕಾರರ ಸಂಘಟನೆಯ ಸದಸ್ಯರೊಬ್ಬರು ರೈಲಿನಿಂದ ಬಿದ್ದರು. ತಲೆಗೆ ಬಲವಾದ ಪೆಟ್ಟು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಬೇಕಾದ ಸೌಲಭ್ಯ ಇರಲಿಲ್ಲ. ನಡುರಾತ್ರಿಯ ಹೊತ್ತಿಗೆ ಕಲ್ಕತ್ತದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆತಂದರೆ, ವೈದ್ಯರು ಎಕ್ಸ್‌ರೇ ತೆಗೆದು ಕೂಡಲೇ ದಾಖಲಾಗಬೇಕು ಎಂದರು; ಆದರೆ ಹಾಸಿಗೆ ಖಾಲಿ ಇಲ್ಲ ಎಂದು ಮುಂದಕ್ಕೆ ಕಳಿಸಿದರು. ಮುಂದಿನ ಆಸ್ಪತ್ರೆಯಲ್ಲೂ ಅದೇ ಮಾತು, ಅದರ ಮುಂದಿನದರಲ್ಲೂ ಅದೇ. ಕೊನೆಗೆ ಖಾಸಗಿ ಆಸ್ಪತ್ರೆ ಸೇರಿ ಜೀವ ಉಳಿಯಿತು, ಸುಮಾರು 17,000 ರೂಪಾಯಿ ಕೈಬಿಟ್ಟಿತು.

ಆ ಕೂಲಿಕಾರರು ಮತ್ತು ಅವರ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದರು. 1996ರ ಮೇ ತಿಂಗಳಲ್ಲಿ ಬಂದ ತೀರ್ಪು ಸ್ಪಷ್ಟವಾಗಿತ್ತು: ತುರ್ತು ಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನ ಉಲ್ಲಂಘನೆ. ಹಣ ಸಾಲದು ಎಂದು ಸರ್ಕಾರ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಕೂಲಿಕಾರರಿಗೆ 25,000 ರೂಪಾಯಿ ಪರಿಹಾರವೂ ಸಿಕ್ಕಿತು.

ಆಸ್ಪತ್ರೆ ಖರ್ಚು ಬಡತನವನ್ನು ಹೇಗೆ ಬೆಳೆಸುತ್ತದೆ ಎಂಬುದನ್ನು ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಒಡವೆ ಗಿರವಿಗೆ ಹೋಗುತ್ತದೆ, ಕೈಸಾಲ ಏರುತ್ತದೆ, ಮನೆಯ ಹುಡುಗಿ ಕಾಲೇಜು ಬಿಡುತ್ತಾಳೆ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಭರಿಸಿದ್ದಾರೆ. ಹಾಗಾಗಿ ಆಸ್ಪತ್ರೆಯ ಕೌಂಟರಿನಲ್ಲಿ ಕಾನೂನು ಏನು ಹೇಳುತ್ತದೆ ಎಂಬುದು ವಕೀಲರಷ್ಟೇ ತಿಳಿದಿರಬೇಕಾದ ವಿಷಯವಲ್ಲ.

ಮೊದಲಿಗೆ ಅಪಘಾತದ ಸಂದರ್ಭ. ‘ಇದು ಪೊಲೀಸ್ ಕೇಸು, ನಾವು ಮುಟ್ಟುವುದಿಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಗಾಯಗೊಂಡ ಸ್ಕೂಟರ್ ಸವಾರರೊಬ್ಬರನ್ನು ಇಂತಹದೇ ಕಾರಣ ಹೇಳಿ ಸುಮಾರು 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಕಳಿಸಿದಾಗ ಅವರು ದಾರಿಯಲ್ಲೇ ಮೃತಪಟ್ಟಿದ್ದರು. ಈ ಸಂಗತಿ ಮುಂದಿಟ್ಟುಕೊಂಡು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್, ಸರ್ಕಾರಿ ಇರಲಿ ಖಾಸಗಿ ಇರಲಿ, ವೈದ್ಯರು ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ ಎಂದಿತು. ಗಾಯಾಳುವನ್ನು ಕರೆತಂದವರು ಕೂಡ ಹೆದರಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅವರಿಗೆ ರಕ್ಷಣೆ ಕೊಟ್ಟಿದೆ.

ಕರ್ನಾಟಕದವರ ಕೈಯಲ್ಲಿ ಇನ್ನೊಂದು ಕಾನೂನಿದೆ: 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಹೇಳುವ ಕೆಪಿಎಂಇ. 2017ರ ನವೆಂಬರಿನಲ್ಲಿ ಇದರ ತಿದ್ದುಪಡಿಗೆ ವಿರೋಧವಾಗಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿ, ಹೊರರೋಗಿ ವಿಭಾಗಗಳು ಮುಚ್ಚಿದ್ದು ಹಲವರಿಗೆ ನೆನಪಿರಬಹುದು. ಕೆಲವು ಅಂಶ ಸಡಿಲಗೊಂಡರೂ ತಿದ್ದುಪಡಿ ಬಂದೇ ಬಂತು. ಅದರಂತೆ ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕೆ ಪಟ್ಟು ಹಿಡಿಯುವಂತಿಲ್ಲ. ದರಪಟ್ಟಿ ಎಲ್ಲರಿಗೂ ಕಾಣುವಂತೆ ಇರಬೇಕು. ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿನ ನೆಪದಲ್ಲಿ ಶವವನ್ನು ಇಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಸ್ಪತ್ರೆ ಆಮೇಲೆ ವಸೂಲಿ ಮಾಡಿಕೊಳ್ಳಬಹುದು. ಇದಿಷ್ಟನ್ನು ಪ್ರತಿ ಊರಿನ ಗೋಡೆಯ ಮೇಲೂ ಬರೆಸಬೇಕು. ದುಃಖದಲ್ಲಿರುವ ಮನೆಯವರಿಗೆ ಆ ಹೊತ್ತಿನಲ್ಲಿ ಕಾಯ್ದೆ ಹುಡುಕುವ ಚೈತನ್ಯ ಎಲ್ಲಿಂದ ಬರಬೇಕು?

ಕಾಯ್ದೆ ಮೀರಿದ ಆಸ್ಪತ್ರೆಯ ವಿರುದ್ಧ ದೂರು ಕೊಡುವುದು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಒ ಕಚೇರಿಯಲ್ಲಿ ದೂರು ಕೊಟ್ಟರೆ ಸಾಕು.

ಬಿಪಿಎಲ್ ಕಾರ್ಡುದಾರರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನೂ ಮರೆಯಬಾರದು. ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು, ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಬೇಡ. ಯೋಜನೆಯಡಿ ದಾಖಲಾದ ಬಿಪಿಎಲ್ ರೋಗಿಯ ಕೈಯಿಂದ ಪ್ಯಾಕೇಜಿನ ಒಳಗಿನ ಚಿಕಿತ್ಸೆಗೆ ಹಣ ಕೇಳಿದರೆ ಅಲ್ಲೇ ಇರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರಿಗೆ ತಿಳಿಸಿ, ಸಹಾಯವಾಣಿ 104ಕ್ಕೂ ಕರೆ ಮಾಡಬಹುದು.

ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಆಯಿತೆ? ಶುಲ್ಕ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯಡಿ ಬರುತ್ತದೆ ಎಂದು ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ತೀರ್ಮಾನವಾಗಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಚಿಕಿತ್ಸೆಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆಗೆ ಈ ಕಾಯ್ದೆ ಅನ್ವಯಿಸದು. ಅಲ್ಲಿ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಬೇಕು.

ಇಲ್ಲೆಲ್ಲ ಪ್ರಕರಣ ಗೆಲ್ಲುವುದೂ ಸೋಲುವುದೂ ಕಾಗದದಿಂದ. ಡಿಸ್ಚಾರ್ಜ್ ಚೀಟಿ, ಪರೀಕ್ಷಾ ವರದಿ, ಔಷಧದ ರಸೀದಿ, ಎಲ್ಲವೂ ಒಂದು ಚೀಲದಲ್ಲಿರಲಿ. ಚಿಕಿತ್ಸಾ ದಾಖಲೆ ಕೇಳಿ ಅರ್ಜಿ ಕೊಟ್ಟರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ಮಂಡಳಿ ನಿಯಮ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ದೂರನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಬರೆದು ಕೊಡಿ, ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.