ಅಧ್ಯಯನ ಪಾಠ: ಜಾಲದ ನಿಗಾ ಸರ್ವರ್‌ಗಳ ಪಟ್ಟಿಯನ್ನು ಕಮಾಂಡ್ ಲೈನ್‌ನಲ್ಲಿ ಪರಿಶೀಲಿಸುವ ವಿಧಾನ

1. ಹಿನ್ನೆಲೆ

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಅದೇ ಇಂದಿನ ಭಾರತ್‌ನೆಟ್. ಇ-ಸ್ವತ್ತು ಮೊದಲಾದ ಸೇವೆಗಳು ಜಾಲ ಸಂಪರ್ಕವಿಲ್ಲದೆ ನಡೆಯಲಾರವು. ಶಿವಮೊಗ್ಗದ ಸವಳಂಗ ರಸ್ತೆಯ ಬದಿಯಲ್ಲಿ ಕಾಮಗಾರಿಯ ವೇಳೆ ಕೇಬಲ್ ತುಂಡಾಗಿ, ಅಬ್ಬಲಗೆರೆ ಕಡೆಯ ಸಂಪರ್ಕ ಕಡಿತಗೊಂಡಿತೆಂದು ಉದಾಹರಣೆಗೆ ಭಾವಿಸಬಹುದು. ನಗರದಲ್ಲಿರುವ ರೂಟರ್ ಆ ಸಂಗತಿಯನ್ನು ಕೂಡಲೇ ನಿಗಾ ಸರ್ವರ್‌ಗೆ ತಿಳಿಸಬೇಕು. ರೂಟರ್‌ನಲ್ಲಿ ನಮೂದಾಗಿರುವುದು ಎಂದೋ ತೆಗೆದುಹಾಕಿದ ಸರ್ವರ್‌ನ ವಿಳಾಸವಾಗಿದ್ದರೆ, ದೋಷವು ಅರಿವಿಗೆ ಬರುವುದು ಸಾಲಿನಲ್ಲಿ ಕಾದು ನಿಂತ ನಾಗರಿಕರ ದೂರಿನಿಂದ ಮಾತ್ರ.

2. ತತ್ವ

ಜಾಲ ನಿಗಾವಣೆಗೆ ವ್ಯಾಪಕವಾಗಿ ಬಳಕೆಯಲ್ಲಿರುವ ನಿಯಮಾವಳಿ ಎಸ್‌ಎನ್‌ಎಂಪಿ. ಇದು 1988ರಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ ಸರ್ವರ್ ಪ್ರಶ್ನೆ ಕೇಳುವುದು ಉಪಕರಣದ 161ನೇ ಪೋರ್ಟ್‌ಗೆ; ಉಪಕರಣವು ತಾನಾಗಿಯೇ ಎಚ್ಚರಿಕೆ ಕಳುಹಿಸುವುದು ಸರ್ವರ್‌ನ 162ನೇ ಪೋರ್ಟ್‌ಗೆ. ಎಚ್ಚರಿಕೆಯಲ್ಲಿ ಎರಡು ಬಗೆ. ‘ಟ್ರ್ಯಾಪ್’ ಸಾದಾ ಅಂಚೆಯಂತೆ. ತಲುಪಿತೇ ಎಂಬುದು ಕಳುಹಿಸಿದ ಉಪಕರಣಕ್ಕೆ ತಿಳಿಯದು. ‘ಇನ್ಫಾರ್ಮ್’ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಂತೆ; ಉತ್ತರ ಬಾರದಿದ್ದರೆ ನಿಗದಿತ ಬಾರಿ ಮರಳಿ ಕಳುಹಿಸಲಾಗುತ್ತದೆ.

3. ಪರಿಶೀಲನಾ ಕ್ರಮ (ಸಿಸ್ಕೋ ಐಒಎಸ್ ಉಪಕರಣಗಳಿಗೆ)

ಅ) ಅಧಿಕೃತ ಬಳಕೆದಾರ ಹೆಸರಿನಿಂದ ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸುವುದು.
ಆ) ‘ಎನೇಬಲ್’ ಆದೇಶ ನೀಡುವುದು, ಸಾಲಿನ ಕೊನೆಯಲ್ಲಿ # ಚಿಹ್ನೆ ಕಾಣಬೇಕು.
ಇ) ‘ಶೋ ಎಸ್‌ಎನ್‌ಎಂಪಿ ಹೋಸ್ಟ್’ ಎಂಬ ಮೂರು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಒಂದೊಂದು ಖಾಲಿ ಜಾಗ ಬಿಟ್ಟು ನಮೂದಿಸುವುದು.

‘ಶೋ’ ಆದೇಶವು ಮಾಹಿತಿಯನ್ನು ತೋರಿಸುತ್ತದೆಯೇ ಹೊರತು ಸಂರಚನೆಯನ್ನು ಬದಲಿಸುವುದಿಲ್ಲ.

4. ಫಲಿತಾಂಶವನ್ನು ಓದುವ ಬಗೆ

ಪ್ರತಿ ಸರ್ವರ್‌ಗೆ ವಿಳಾಸ (ಮಾದರಿಗೆ 192.0.2.10), ಪೋರ್ಟ್, ಎಚ್ಚರಿಕೆಯ ಬಗೆ ಹಾಗೂ ಭದ್ರತಾ ಆವೃತ್ತಿ ಕಾಣಿಸುತ್ತವೆ. ಇವನ್ನು ಕಚೇರಿಯ ದಾಸ್ತಾನು ವಹಿಯೊಡನೆ ಹೋಲಿಸಬೇಕು. ಪಟ್ಟಿಯು ಉಪಕರಣ ಯಾರಿಗೆ ಹೇಳುತ್ತಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಯಾರಾದರೂ ಕೇಳುತ್ತಿದ್ದಾರೆಯೇ ಎಂಬುದನ್ನಲ್ಲ. ‘ಪಿಂಗ್’ಗೆ ಉತ್ತರ ಬಂದರೂ ಯಂತ್ರ ಚಾಲನೆಯಲ್ಲಿದೆ ಎಂದಷ್ಟೇ ಅರ್ಥ. ಆದ್ದರಿಂದ ಮೇಲಧಿಕಾರಿಯ ಅನುಮತಿ ಪಡೆದು ಪರೀಕ್ಷಾ ಎಚ್ಚರಿಕೆಯೊಂದನ್ನು ಕಳುಹಿಸಿ, ಅದು ನಿಗಾ ಕೊಠಡಿಯ ಪರದೆಯ ಮೇಲೆ ಮೂಡಿತೇ ಎಂದು ದೂರವಾಣಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

5. ಎಚ್ಚರಿಕೆ

ಒಂದನೇ ಹಾಗೂ 2ಸಿ ಆವೃತ್ತಿಗಳಲ್ಲಿ ಗುಪ್ತಪದಕ್ಕೆ ಸಮನಾದ ‘ಕಮ್ಯುನಿಟಿ’ ಪದವು ಜಾಲದಲ್ಲಿ ಮರೆಯಿಲ್ಲದೆ ಸಾಗುತ್ತದೆ, ಫಲಿತಾಂಶದಲ್ಲಿಯೂ ಕಾಣಿಸುತ್ತದೆ. ಪರದೆಯ ಚಿತ್ರವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬಾರದು. ಗೂಢಲಿಪೀಕರಣದ ಸೌಲಭ್ಯವಿರುವ ಮೂರನೇ ಆವೃತ್ತಿಯೇ ಸೂಕ್ತ.

6. ಅಭ್ಯಾಸ

ಪಟ್ಟಿಯಲ್ಲಿ ಎರಡು ವಿಳಾಸಗಳಿದ್ದು, ವಹಿಯಲ್ಲಿ ಒಂದೇ ದಾಖಲಾಗಿದ್ದರೆ ಮೊದಲು ಕೈಗೊಳ್ಳಬೇಕಾದ ಕ್ರಮವೇನು? ಅಳಿಸುವುದಲ್ಲ, ಎರಡನೆಯದು ಯಾರ ಸರ್ವರ್ ಎಂಬುದನ್ನು ವಿಚಾರಿಸಿ ದಾಖಲಿಸುವುದು.