ವ್ರತದ 41 ದಿನ: ಕಾಲಿಗೂ ಒಂದು ಗುರಿ ಇರಲಿ



ಮಾಲೆ ಹಾಕುವ ದಿನ ಹತ್ತಿರ ಬಂದಾಗ ಕನ್ನಿಸ್ವಾಮಿಗಳು ಕೇಳುವ ಪ್ರಶ್ನೆ ಒಂದೇ: "ಬೆಟ್ಟ ಹತ್ತೋಕೆ ಆಗುತ್ತಾ?" ಇವತ್ತಿನ ಪಾಠ ಅದೇ.

ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿ.ಮೀ. ದೂರ ಹೆಚ್ಚಲ್ಲ. ಆದರೆ ನೀಲಿಮಲೆ, ಅಪ್ಪಾಚಿಮೇಡು ಎರಡೂ ಕಡಿದಾದ ಏರು. ತಲೆ ಮೇಲೆ ಇರುಮುಡಿ, ಕಾಲಲ್ಲಿ ಚಪ್ಪಲಿ ಇಲ್ಲ. ಈ ಏರಿನಲ್ಲೇ ಕೆಲವರಿಗೆ ಉಸಿರು ಕಟ್ಟುತ್ತದೆ, ಎದೆನೋವು ಬರುತ್ತದೆ. ಅದಕ್ಕೇ ಸೀಸನ್‌ನಲ್ಲಿ ಈ ಎರಡೂ ಕಡೆ ಹೃದಯ ಚಿಕಿತ್ಸೆಯ ಕೇಂದ್ರಗಳಿರುತ್ತವೆ.

ನಾನು ಐಟಿ ಸಪೋರ್ಟ್ ಕೆಲಸದವನು. "ಸಿಸ್ಟಂ ಸರಿ ಇಲ್ಲ" ಅಂತಷ್ಟೇ ಟಿಕೆಟ್ ಬಂದರೆ ಕೆಲಸ ಮುಂದೆ ಹೋಗದು. "ಫಿಟ್ ಆಗಬೇಕು" ಅನ್ನುವುದೂ ಅಂಥದೇ ಟಿಕೆಟ್. ಗುರಿ ಹೀಗೆ ಬರೆದಿಡಿ: "ಹೊರಡುವಷ್ಟರಲ್ಲಿ ಒಂದು ಗಂಟೆ ಏರುದಾರಿಯನ್ನು ಶರಣು ಕೂಗುತ್ತಾ ಹತ್ತಬಲ್ಲೆ." ಕೂಗಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು ಅಂತ ಅರ್ಥ. ತೂಕ ಇಳಿಸುವುದು ಈಗಿನ ಗುರಿಯಲ್ಲ.

1. ದಿನ 1–10: ಸ್ನಾನ, ಪೂಜೆ ಆದ ಮೇಲೆ 30 ನಿಮಿಷ ಸಮತಟ್ಟಾದ ನಡಿಗೆ. ಠಾಣೆಯವರಿಗೆ ತಲಾವ್ ಪಾಳಿ ಇದೆ.

2. ದಿನ 11–25: ನಡಿಗೆಯ ಜೊತೆ ಮೆಟ್ಟಿಲು. ಡೊಂಬಿವಲಿ, ಕಲ್ಯಾಣ ಸ್ಟೇಷನ್‌ಗಳಲ್ಲಿ ಎಸ್ಕಲೇಟರ್ ಬಿಡಿ. ಬಿಲ್ಡಿಂಗ್ ಮೆಟ್ಟಿಲನ್ನು ಬರಿಗಾಲಲ್ಲಿ 10 ನಿಮಿಷ ಹತ್ತಿ ಇಳಿಯಿರಿ.

3. ದಿನ 26–38: ವಾರಕ್ಕೆ ಎರಡು ಸಲ ಏರುದಾರಿ. ನವಿ ಮುಂಬೈಯವರಿಗೆ ಪಾರ್ಸಿಕ್ ಹಿಲ್, ಖಾರ್ಘರ್ ಹಿಲ್, ಠಾಣೆಯವರಿಗೆ ಯೇವೂರ್. ಡೊಂಬಿವಲಿ, ಕಲ್ಯಾಣದವರು ಭಾನುವಾರ ಇವರ ಜೊತೆ ಸೇರಿಕೊಳ್ಳಿ.

4. ಕೊನೆಯ 3 ದಿನ: 20 ನಿಮಿಷ ನಿಧಾನ ನಡಿಗೆ ಸಾಕು. ಕಾಲಿಗೆ ವಿಶ್ರಾಂತಿ ಬೇಕು.

ನೈಟ್ ಶಿಫ್ಟ್ ಸ್ವಾಮಿಗಳೇ, ನಿದ್ದೆಗೆಟ್ಟ ದಿನ ಏರು ಬೇಡ. ಒಂದೇ ಹೊತ್ತು ಉಣ್ಣುವವರು ಹಣ್ಣು, ನೀರು ತಪ್ಪಿಸಬೇಡಿ.

ಮುಖ್ಯವಾದ ಮಾತು: ವ್ರತ ಅಂತ ಬಿಪಿ, ಶುಗರ್ ಮಾತ್ರೆ ನಿಲ್ಲಿಸಬಾರದು. ನಿಮ್ಮ ಜೊತೆ ಬರುವ ಅಪ್ಪ, ಮಾವಂದಿರಿಗೂ ಇದನ್ನು ಹೇಳಿ, ಮಾಲೆ ಹಾಕುವ ಮೊದಲೇ ಡಾಕ್ಟರಿಗೆ ತೋರಿಸಿ. ಅವರಿಗೆ ನೀಲಿಮಲೆ ಕಷ್ಟವಾದರೆ ಏರು ಕಡಿಮೆಯಿರುವ ಸ್ವಾಮಿ ಅಯ್ಯಪ್ಪನ್ ರಸ್ತೆಯಿದೆ. ದಾರಿಯಲ್ಲಿ ಎದೆ ಹಿಡಿದರೆ "ಇನ್ನು ಸ್ವಲ್ಪವೇ" ಅನ್ನದೆ ಅಲ್ಲೇ ಕೂರಿಸಿ, ಸಹಾಯ ಕರೆಯಿರಿ.

ಇಂದೇ ನಿಮ್ಮ ಗುರಿಯನ್ನು ಒಂದು ಸಾಲಿನಲ್ಲಿ ಬರೆದು ಗುರುಸ್ವಾಮಿಗಳಿಗೆ ತೋರಿಸಿ.

ಸ್ವಾಮಿಯೇ ಶರಣಮಯ್ಯಪ್ಪ.